ಬ್ಯಾನರಿನಲ್ಲಿ ಮೂರು ತೂತು

ಮೈಸೂರಿನಿಂದ ಹೊರಟ ಬಸ್ಸುಗಳು ಈಗ ರಾಮನಗರದ ಒಳಕ್ಕೆ ಬರುವುದೇ ಕಡಿಮೆ. ಹೊಸ ಹೆದ್ದಾರಿ ಊರನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ ತನ್ನ ಪಾಡಿಗೆ ತಾನು ಬೆಂಗಳೂರು ಸೇರಿಬಿಡುತ್ತದೆ. ಹಾಗಾಗಿ ಮೊನ್ನೆ ನಾನು ಹತ್ತಿದ್ದು ಹಳೇ ರಸ್ತೆಯಲ್ಲಿ ಕೈ ತೋರಿಸಿದ ಕಡೆಯೆಲ್ಲ ನಿಲ್ಲುವ ಕೆಂಪು ಬಸ್ಸು. ಊರು ಶುರುವಾಗುತ್ತಿದ್ದ ಹಾಗೆ ಆ ವಾಸನೆ ಬಂತು. ರೇಷ್ಮೆಗೂಡನ್ನು ಕುದಿಯುವ ನೀರಿಗೆ ಹಾಕಿ ನೂಲು ಬಿಚ್ಚುವಾಗ, ಒಳಗಿನ ಹುಳು ಬೆಂದು ಬರುವ ವಾಸನೆ ಅದು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಕಿಟಕಿ ಎಳೀರಮ್ಮ, ನಿಮಗೂ ಆಗ್ತಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತೆ" ಎಂದರು.

ಆಕೆಯ ಊಹೆ ತಪ್ಪು. ವಾಸನೆಗೂ ನನಗೂ ಜಗಳವಿಲ್ಲ. ಮೂರು ವರ್ಷ ಅದನ್ನು ಕುಡಿದು ಬೆಳೆದವಳು ನಾನು. ಆದರೆ ಹಸುವಿನ ಹಿಂದೆ ಕರು ಬಂದ ಹಾಗೆ ಆ ವಾಸನೆಯ ಹಿಂದೆಯೇ ನನಗೆ ಸಿಟ್ಟು ಬರುತ್ತದೆ. ಇಷ್ಟು ವರ್ಷವಾದರೂ ಆರದ ಸಿಟ್ಟು. ನಸೀಮಾಳ ಮನೆಗೆ ಹೊರಟಿದ್ದೆ, ಒಳ್ಳೆಯ ಸುದ್ದಿ ಕೇಳಿ ಹೊರಟಿದ್ದೆ, ಆದರೂ ಹುಬ್ಬು ತಾನಾಗಿ ಗಂಟಿಕ್ಕಿಕೊಂಡಿತ್ತು. ಬಸ್ಸು ಇನ್ನೂ ನಿಧಾನಕ್ಕೆ ಹೋಗುತ್ತಿದೆ. ಅಷ್ಟರಲ್ಲಿ ನಿಮಗೆ ಹೇಳಿಬಿಡುತ್ತೇನೆ.

ನಮ್ಮೂರು ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯ ಆಚೆ. ಹತ್ತನೇ ತರಗತಿ ಮುಗಿದ ಮೇಲೆ ಎಲ್ಲರೂ ಪಿಯುಸಿ ಎಂದರೆ ನಮ್ಮಪ್ಪ ಡಿಪ್ಲೊಮಾ ಎಂದ. ಪಿಯುಸಿ ಓದಿ ಸೀಟು ಸಿಗದೆ ಮನೆಯಲ್ಲಿ ಕೂತ ಹುಡುಗರನ್ನು ಅವನು ಬೇಕಾದಷ್ಟು ಕಂಡಿದ್ದ. ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷ ಓದಿದರೆ ಕೈಯಲ್ಲೊಂದು ಕಸುಬಾದರೂ ಇರುತ್ತದೆ ಎಂಬುದು ಅವನ ಲೆಕ್ಕ. ನನ್ನ ಲೆಕ್ಕ ಬೇರೆ ಇತ್ತು. ಡಿಪ್ಲೊಮಾ ಮುಗಿಸಿ ಒಂದು ಪ್ರವೇಶ ಪರೀಕ್ಷೆ ಬರೆದರೆ ನೇರವಾಗಿ ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರಬಹುದು ಎಂದು ಯಾರೋ ಹೇಳಿದ್ದರು. ಅದಕ್ಕೆ ಲ್ಯಾಟರಲ್ ಎಂಟ್ರಿ ಎಂದು ಹೆಸರು. ನಾನು ಬಹಳ ದಿನ ಅದನ್ನು 'ಲೇಟರ್ ಎಂಟ್ರಿ' ಎಂದೇ ತಿಳಿದಿದ್ದೆ, ಮನೆಯಲ್ಲೂ ಹಾಗೇ ಹೇಳಿದ್ದೆ. ನಮ್ಮಜ್ಜಿ ರಾಗಿ ಕೇರುತ್ತಾ, "ಲೇಟಾಗೋದ್ರೆ ಒಳೀಕೆ ಬುಟ್ಕತ್ತಾರೇನವ್ವಾ, ಒಸಿ ಬಿರ್ರನೆ ಹೋಗಬಾರ್ದಾ?" ಎಂದಿದ್ದಳು. ಅಜ್ಜಿಯ ಪ್ರಶ್ನೆ ಎಷ್ಟು ಸರಿಯಾಗಿತ್ತು ಎಂದು ನನಗೆ ಗೊತ್ತಾಗಲು ಮೂರು ವರ್ಷ ಬೇಕಾಯಿತು.

ಪಾಲಿಟೆಕ್ನಿಕ್ ಇದ್ದದ್ದು ಚನ್ನಪಟ್ಟಣದ ಕಡೆ. ಹೆಸರು ಬೇಡ, ಅಂಥವು ಎಲ್ಲ ಜಿಲ್ಲೆಯಲ್ಲೂ ಇವೆ. ನಾನು ಎಲೆಕ್ಟ್ರಿಕಲ್ ಸೇರಿದೆ. ಅಲ್ಲಿ ಸಿಕ್ಕವರು ಇಬ್ಬರು. ಒಬ್ಬ ಮಾಗಡಿ ತಾಲ್ಲೂಕಿನ ಕಲ್ಯದ ಶಿವು. ಮಾತು ಜಾಸ್ತಿ, ಹೆದರಿಕೆ ಅದಕ್ಕಿಂತ ಜಾಸ್ತಿ. ಇನ್ನೊಬ್ಬಳು ರಾಮನಗರದ ನಸೀಮಾ. ಅವಳ ಅಬ್ಬಾ ರೇಷ್ಮೆನೂಲು ಬಿಚ್ಚುವವರು. ಮನೆಯ ಕೆಳಗಡೆ ಬಿಚ್ಚಣಿಕೆ ಯಂತ್ರಗಳು, ಮೇಲೆ ತಗಡಿನ ಚಾವಣಿಯ ಒಂದು ಕೋಣೆ. ನಾವು ಮೂವರೂ ಓದಿದ್ದು ಆ ಕೋಣೆಯಲ್ಲಿ. ಕೆಳಗಿನ ಆವಿ ಮೆಟ್ಟಿಲು ಹತ್ತಿ ಬಂದು ನಮ್ಮ ಡ್ರಾಯಿಂಗ್ ಹಾಳೆಗಳನ್ನು ಹಪ್ಪಳದ ಹಾಗೆ ಮುದುರಿಸುತ್ತಿತ್ತು. ನಮ್ಮ ಕಡೆ ಹುಡುಗಿಯರನ್ನು 'ಅಮ್ಮಿ' ಎಂದು ಕರೆಯುವ ಅಭ್ಯಾಸ ನಿಮಗೆ ಗೊತ್ತಿರಬಹುದು. ಶಿವು ನನ್ನನ್ನು, "ಲೇ ಅಮ್ಮಿ, ಆ ಸ್ಕೇಲ್ ಕೊಡೇ" ಎಂದಾಗಲೆಲ್ಲ ಅಡುಗೆಮನೆಯಿಂದ ನಸೀಮಾಳ ತಾಯಿ, "ಏನಪ್ಪಾ ಬೇಕು?" ಎಂದು ಬರುತ್ತಿದ್ದರು. ಅವರ ಮನೆಯಲ್ಲಿ ಅಮ್ಮಿ ಎಂದರೆ ತಾಯಿ. ಬಂದ ಮೇಲೆ ಬರಿಗೈಯಲ್ಲಿ ಹೋಗುವುದು ಹೇಗೆಂದು ಚಹಾ ಇಟ್ಟುಹೋಗುತ್ತಿದ್ದರು. ಶಿವು ಇದನ್ನು ಬಹಳ ಬೇಗ ಕಂಡುಕೊಂಡ. ಚಹಾ ಬೇಕೆನಿಸಿದಾಗಲೆಲ್ಲ ನನ್ನನ್ನು ಗಟ್ಟಿಯಾಗಿ ಕರೆಯುತ್ತಿದ್ದ.

ಎರಡನೇ ವರ್ಷದಲ್ಲಿ ನಮ್ಮ ಗಣಿತದ ಮೇಷ್ಟ್ರಿಗೆ ವರ್ಗವಾಯಿತು. ಆ ಜಾಗಕ್ಕೆ ಯಾರೂ ಬರಲಿಲ್ಲ. ವೇಳಾಪಟ್ಟಿಯಲ್ಲಿ ಗಣಿತ ಎಂದು ಬರೆದೇ ಇತ್ತು. ಆ ಹೊತ್ತಿಗೆ ವರ್ಕ್‌ಶಾಪಿನಿಂದ ಒಬ್ಬರು ಬಂದು ಹಾಜರಿ ಕೂಗಿ ಹೋಗುತ್ತಿದ್ದರು. ನಾವು "ಎಸ್ ಸಾರ್" ಎನ್ನುವುದನ್ನು ಮಾತ್ರ ಆ ತರಗತಿಯಲ್ಲಿ ಕಲಿತೆವು. ಇದನ್ನು ನಗುತ್ತಾ ಹೇಳುತ್ತಿದ್ದೇನೆ, ಆದರೆ ಸ್ವಲ್ಪ ಯೋಚಿಸಿ ನೋಡಿ. ಹದಿನೇಳು ವರ್ಷದ ಮಕ್ಕಳು ಹಳ್ಳಿಗಳಿಂದ ಎರಡೆರಡು ಬಸ್ಸು ಬದಲಿಸಿಕೊಂಡು ಬಂದು, ಕಲಿಸುವವರೇ ಇಲ್ಲದ ಕೋಣೆಯಲ್ಲಿ ತಮ್ಮ ಹೆಸರನ್ನು ತಾವೇ ಒಪ್ಪಿಸಿ ಹೋಗುವುದೆಂದರೆ ಏನು? ಕೇಳಿದರೆ, "ಇಲಾಖೆಗೆ ಬರೆದಿದ್ದೇವೆ, ಮೇಷ್ಟ್ರು ಬರ್ತಾರೆ" ಎಂಬ ಉತ್ತರ. ಯಾರೂ ಬರಲಿಲ್ಲ.

ನಮಗೆ ಗಣಿತ ಕಲಿಸಿದ್ದು ನಸೀಮಾ. ಫೋನಿನಲ್ಲಿ ಪಾಠ ನೋಡುವುದು, ಅದನ್ನು ತಿರುವಿಹಾಕುವುದು, ತನಗೆ ಅರ್ಥವಾದ ಮೇಲೆ ನಮ್ಮಿಬ್ಬರನ್ನು ಕೂರಿಸಿಕೊಂಡು ಹೇಳುವುದು. ಅವಳಿಗೆ ಅದು ಬರುತ್ತಿತ್ತು ಎಂದರೆ ಸಾಲದು. ಕೆಲವರು ಹಾಡುವಾಗ ಮುಖ ಬೆಳಗುತ್ತದಲ್ಲ, ಲೆಕ್ಕ ಬಿಡಿಸುವಾಗ ಅವಳ ಮುಖ ಹಾಗಾಗುತ್ತಿತ್ತು. ಒಂದು ಲೆಕ್ಕ ಬಿಟ್ಟುಕೊಡದೆ ಸತಾಯಿಸಿದರೆ ಕೆಳಗೆ ಹೋಗಿ ಅಬ್ಬಾನ ಪಕ್ಕ ಒಂದಷ್ಟು ಹೊತ್ತು ನೂಲಿನ ಎಳೆ ಹುಡುಕಿಕೊಡುತ್ತಿದ್ದಳು. ಬೆಂದ ಬೆರಳನ್ನು ಊದಿಕೊಳ್ಳುತ್ತಾ ಮೇಲೆ ಬಂದು, "ಹೊಳೀತು, ಪೆನ್ಸಿಲ್ ಕೊಡು" ಎನ್ನುತ್ತಿದ್ದಳು. ನಾನು ಅವಳಿಂದ ಕಲಿತು ಪಾಸಾದೆ, ಶಿವು ನನ್ನಿಂದ ನೋಡಿ ಪಾಸಾದ.

ಕೊನೆಯ ವರ್ಷ ಒಂದು ಕಾರ್ಖಾನೆಯವರು ಕೆಲಸಕ್ಕೆ ಹುಡುಗ ಹುಡುಗಿಯರನ್ನು ಆರಿಸಲು ಕಾಲೇಜಿಗೆ ಬಂದರು. ಬೇಡ ಎನ್ನುವ ಮಾತೇ ಇರಲಿಲ್ಲ, ಎಲ್ಲರೂ ಸಾಲಾಗಿ ನಿಲ್ಲಬೇಕು ಎಂದು ಪ್ರಿನ್ಸಿಪಾಲರ ಅಪ್ಪಣೆಯಾಯಿತು. ನಿಂತೆವು. ಕಾರ್ಖಾನೆಗೆ ಕೈಗಳು ಬೇಕಾಗಿದ್ದವು, ನಿಂತವರೆಲ್ಲ ಆಯ್ಕೆಯಾದೆವು. ವಾರದೊಳಗೆ ಕಾಲೇಜಿನ ಗೇಟಿನ ಪಕ್ಕ ಒಂದು ದೊಡ್ಡ ಫ್ಲೆಕ್ಸ್ ಬ್ಯಾನರ್ ಎದ್ದಿತು. ಮೇಲೆ 'ನೂರಕ್ಕೆ ನೂರು ಉದ್ಯೋಗ' ಎಂಬ ಅಕ್ಷರ, ಕೆಳಗೆ ನಮ್ಮೆಲ್ಲರ ಮುಖ. ಮೊದಲ ಬಾರಿ ಅಷ್ಟು ದೊಡ್ಡದಾಗಿ ನನ್ನ ಮುಖ ನೋಡಿ ನಾನು ಖುಷಿಪಟ್ಟದ್ದು ಸುಳ್ಳಲ್ಲ. ಮೂಗು ಒಸಿ ಕಡಿಮೆ ಇದ್ದರೆ ಚೆನ್ನಿತ್ತು ಎಂದೂ ಅನಿಸಿತ್ತು.

ಕೆಲಸಕ್ಕೆ ಸೇರಬೇಕಾದ ದಿನವೂ ಪ್ರವೇಶ ಪರೀಕ್ಷೆಯೂ ಒಂದೇ ವಾರದಲ್ಲಿ ಬಿದ್ದವು. ನಾವು ಮೂವರು ಕೆಲಸಕ್ಕೆ ಹೋಗಲಿಲ್ಲ, ಪರೀಕ್ಷೆ ಬರೆದೆವು. ಫಲಿತಾಂಶ ಬಂದಾಗ ನನಗೂ ಶಿವುಗೂ ಎಲ್ಲೋ ಒಂದು ಕಡೆ ಸೀಟು ಸಿಗುವಂಥ ರ‍್ಯಾಂಕ್ ಬಂದಿತ್ತು. ನಸೀಮಾಳದು ಯಾವ ಕಾಲೇಜು ಬೇಕು ಎಂದು ಅವಳೇ ಆರಿಸಿಕೊಳ್ಳಬಹುದಾದ ರ‍್ಯಾಂಕ್. ಅವಳ ಅಬ್ಬಾ ಅಂದು ಯಂತ್ರ ನಿಲ್ಲಿಸಿ ಕೆಲಸದ ಹೆಂಗಸರಿಗೆಲ್ಲ ಚಹಾ ಬನ್ನು ಕೊಡಿಸಿದರು. ಅವರಿಗೆ ದಮ್ಮು. ಆವಿಯಲ್ಲೇ ಬದುಕಿದವರ ಎದೆಗೆ ಬರುವ ಕಾಯಿಲೆ ಅದು. "ನನ್ ಎದೆ ಹಾಳಾದ್ರೂ ಪರವಾಗಿಲ್ಲ ಬೇಟಾ, ಇವಳು ಓದಿದ್ಲು" ಎಂದು ಉಬ್ಬಸದ ನಡುವೆ ನಕ್ಕರು.

ಸೀಟಿಗೆ ಮುಂಚೆ ಬೆಂಗಳೂರಿನಲ್ಲಿ ದಾಖಲೆ ಪರಿಶೀಲನೆ. ಅಲ್ಲಿಗೆ ಮೂಲ ಅಂಕಪಟ್ಟಿ ಬೇಕು. ಹತ್ತನೇ ತರಗತಿಯದು ನಾವು ಸೇರಿದ ದಿನದಿಂದ, ಡಿಪ್ಲೊಮಾದವು ಬಂದಂತೆಲ್ಲ, ಕಾಲೇಜಿನ ಬೀರು ಸೇರಿದ್ದವು. ಕೇಳಲು ಹೋದೆವು.

ಪ್ರಿನ್ಸಿಪಾಲರು ಎಂದೂ ದನಿ ಎತ್ತಿದವರಲ್ಲ. ಅಂದೂ ಎತ್ತಲಿಲ್ಲ. "ನೋಡಿ ಮಕ್ಕಳೇ, ಕಂಪನಿಯವರಿಗೆ ನಾನು ಮಾತು ಕೊಟ್ಟಿದ್ದೇನೆ. ನೀವು ಮೂವರು ಕೈಕೊಟ್ಟರೆ ಮುಂದಿನ ವರ್ಷ ಅವರು ಈ ಕಡೆ ತಲೆ ಹಾಕಿಯೂ ಮಲಗಲ್ಲ. ನಿಮ್ಮ ತಮ್ಮ ತಂಗಿಯರ ಅನ್ನಕ್ಕೆ ಕಲ್ಲು ಹಾಕ್ತೀರಾ? ಮೊದಲು ಹೋಗಿ ಕೆಲಸಕ್ಕೆ ಸೇರಿ. ಆಮೇಲೆ ಮಾರ್ಕ್ಸ್ ಕಾರ್ಡಿನ ವಿಷಯ."

"ಸಾರ್, ಪರಿಶೀಲನೆ ಈ ವಾರ ಮುಗಿದುಹೋಗುತ್ತೆ" ಎಂದೆ.

"ಮುಗಿದರೆ ಒಳ್ಳೇದೇ ಆಯ್ತು. ಅಲ್ಲಿಗೆ ಹೋಗಿ ಏನು ಕಡಿದು ಗುಡ್ಡೆ ಹಾಕ್ತೀರಿ? ಡಿಪ್ಲೊಮಾದಿಂದ ಹೋದವರೆಲ್ಲ ಗಣಿತದಲ್ಲಿ ಮಕಾಡೆ ಮಲಗ್ತಾರೆ."

ನಸೀಮಾ ಮೆಲ್ಲಗೆ ಹೇಳಿದಳು, "ನಮಗೆ ಗಣಿತಕ್ಕೆ ಮೇಷ್ಟ್ರೇ ಇರಲಿಲ್ಲ ಸಾರ್."

ಪ್ರಿನ್ಸಿಪಾಲರು ನಕ್ಕರು. "ಅದನ್ನೇ ನಾನೂ ಹೇಳ್ತಿರೋದು."

ಆ ನಗುವನ್ನು ನಾನು ಇಂದಿಗೂ ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ. ಕುಂಟುವಂತೆ ಕಾಲು ಮುರಿದವರೇ, ನೀನು ಕುಂಟ, ಓಡಬೇಡ ಎನ್ನುವುದು. ಅದನ್ನು ಮಕ್ಕಳೇ ಎಂದು ಕರೆದು, ಮೆತ್ತಗೆ, ಹಿತವಚನದ ಹಾಗೆ ಹೇಳುವುದು.

ಮಾರನೆಯ ದಿನ ಅಪ್ಪನನ್ನು ಕರೆತಂದೆ. ನಮ್ಮಪ್ಪನ ಗಂಟಲು ನೀವು ಕೇಳಿಲ್ಲ. ಹೊಲದ ಈ ಬದುವಿನಿಂದ ಕೂಗಿದರೆ ಆಚೆ ಊರಿನ ದನ ತಿರುಗಿ ನೋಡುತ್ತವೆ. ಬಸ್ಸಿನುದ್ದಕ್ಕೂ ಮಾತು ಮಸೆಯುತ್ತಲೇ ಬಂದ. "ಮೂರ್ ವರ್ಸ ಪೀಜು ಕಟ್ಟಿರಾನು ನಾನು. ನನ್ ಮಗ್ಳು ಕಾರ್ಡು ಅವ್ನ್ ತಾವ ಯಾಕಿರ್ಬೇಕು? ಕೇಳ್ತೀನಿ ತಡಿ." ಪಕ್ಕದ ಸೀಟಿನವರೂ, "ಕೇಳಿ ಗೌಡ್ರೇ, ಬುಡಬ್ಯಾಡಿ" ಎಂದು ಹುರಿದುಂಬಿಸಿದರು. ಚನ್ನಪಟ್ಟಣದಲ್ಲಿ ಇಳಿಯುವಾಗ ನನಗೆ ಗೆದ್ದಷ್ಟು ಸಂತೋಷ.

ಒಳಗೆ ಕಾಲಿಟ್ಟೊಡನೆ ಪ್ರಿನ್ಸಿಪಾಲರು ಎದ್ದು ನಿಂತರು. "ಬನ್ನಿ ಗೌಡ್ರೇ, ಕೂತ್ಕೊಳ್ಳಿ. ಎಷ್ಟು ದೂರದಿಂದ ಬಂದಿದ್ದೀರಿ. ಕಾಫಿ ತರಿಸ್ತೀನಿ." ಅಪ್ಪ ಹೆಗಲ ಮೇಲಿನ ವಸ್ತ್ರವನ್ನು ತೊಡೆಯ ಮೇಲೆ ಹಾಸಿಕೊಂಡು ಕುರ್ಚಿಯ ತುದಿಯಲ್ಲಿ ಕೂತ. ಕಾಫಿ ಬಂತು. ಮಳೆ, ರಾಗಿ, ಹಾಲಿನ ಡೇರಿಯ ಮಾತು ಬಂತು. ಕಂಪನಿಯ ಬಸ್ಸಿನ ಮಾತು, ಮಧ್ಯಾಹ್ನದ ಊಟದ ಮಾತು ಬಂತು. ನಾನು ಬಾಗಿಲ ಬಳಿ ನಿಂತು, ಈಗ ಗುಡುಗುತ್ತಾನೆ, ಈಗ ಗುಡುಗುತ್ತಾನೆ ಎಂದು ಕಾಯುತ್ತಿದ್ದೆ. ಅಪ್ಪ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದ.

"ಸಾರ್ ಹೇಳೋದೂ ಸರಿಯಾಗೇ ಐತೆ ಕಣವ್ವಾ. ಸಂಬ್ಳ ಬತ್ತದೆ. ಒಂದೆಲ್ಡ್ ವರ್ಸ ಮಾಡು, ಆಮ್ಯಾಕೆ ನೋಡ್ಕಳಾನ."

ನಾನು ಬಾಯಿ ತೆರೆದಿದ್ದರೆ ಅತ್ತುಬಿಡುತ್ತಿದ್ದೆ, ಆ ಕೋಣೆಯಲ್ಲಿ ಅಳುವುದಕ್ಕಿಂತ ಹಲ್ಲು ಕಚ್ಚುವುದು ಮೇಲು ಅನಿಸಿತು. ಶಿವುವಿನ ಮನೆಯಿಂದ ಯಾರೂ ಬಂದಿರಲಿಲ್ಲ. ಅವನು ಮನೆಯಲ್ಲಿ ಹೇಳಿಯೇ ಇರಲಿಲ್ಲ.

ನಾವು ಹೊರಗೆ ಬರುವಾಗ ನಸೀಮಾಳ ಅಬ್ಬಾ ಒಳಗೆ ಹೋದರು. ಬಾಗಿಲು ತೆರೆದೇ ಇತ್ತು, ನಾನು ಅಲ್ಲೇ ನಿಂತೆ. ಅವರಿಗೂ ಕುರ್ಚಿ ತೋರಿಸಿದರು. "ಕುಂತ್ಕೊಳ್ಳೋದು ಬ್ಯಾಡ ಸಾರ್" ಎಂದರು ಅವರು. "ಮಗೂದು ಕಾರ್ಡ್ ಕೊಡಿ, ಹೊರಟೋಗ್ತೀವಿ."

ಪ್ರಿನ್ಸಿಪಾಲರು ಮತ್ತೆ ಅದೇ ಮಾತು ಹೇಳಿದರು. ಅಬ್ಬಾ ಅಲ್ಲಾಡಲಿಲ್ಲ. ಕೊನೆಗೆ ತಮಾಷೆಯ ದನಿಯಲ್ಲಿ ಪ್ರಿನ್ಸಿಪಾಲರು, "ಅಲ್ಲ ಸಾಬ್ರೇ, ನಿಮ್ಮಲ್ಲಿ ಹೆಣ್ಣುಮಕ್ಕಳನ್ನ ಹೇಗಿದ್ರೂ ಮದುವೆ ಮಾಡಿ ಕಳಿಸಿಬಿಡ್ತೀರಿ. ಸುಮ್ಮನೆ ಒಂದು ಸೀಟು ಯಾಕೆ ದಂಡ ಮಾಡ್ತೀರಿ?" ಎಂದರು.

ಅಬ್ಬಾನ ಎದೆಯಲ್ಲಿ ಸಿಳ್ಳೆಯಂತೆ ಉಸಿರು ಏಳುವುದು ಬಾಗಿಲಿಗೇ ಕೇಳಿಸುತ್ತಿತ್ತು. ಅದು ಇಳಿದ ಮೇಲೆ ಅವರು ಹೇಳಿದರು, "ನನ್ ಮಗಳ ಮದುವೆಗೆ ನಿಮ್ಮನ್ನ ಕರ್ಯಕ್ಕೆ ಬಂದಿಲ್ಲ ಸಾರ್. ಕಾರ್ಡ್ ಕೇಳಕ್ಕೆ ಬಂದೆ."

ಕಾರ್ಡು ಸಿಗಲಿಲ್ಲ. ಅಟೆಂಡರನ್ನು ಕರೆದು, ಇವರನ್ನು ಕಳಿಸಿಕೊಡು ಎಂದರು. ಅಬ್ಬಾ ನಮ್ಮೆದುರು ಹಾದುಹೋಗುವಾಗ ತಲೆ ಎತ್ತಲಿಲ್ಲ. ನಸೀಮಾ ಅವರ ಹಿಂದೆ ಹೋದಳು.

ಮರುದಿನ ಬೆಳಿಗ್ಗೆ ಮೂವರೂ ಗೇಟಿನ ಹತ್ತಿರ ಸೇರಿದೆವು. ಒಳಗೆ ಹೋಗಿ ಮತ್ತೆ ಕೇಳುವುದು ಎಂದಷ್ಟೇ ಮಾತಾಗಿತ್ತು. ಹೊಸದಾಗಿ ಸೇರುವ ಮಕ್ಕಳ ಕಾಲ ಅದು. ಹಳ್ಳಿಗಳಿಂದ ಅಪ್ಪ ಅಮ್ಮಂದಿರು ಬರುತ್ತಿದ್ದರು, ಬ್ಯಾನರಿನ ಮುಂದೆ ನಿಂತು ಓದುತ್ತಿದ್ದರು. 'ನೂರಕ್ಕೆ ನೂರು.' ಅದರೊಳಗೆ ನಾನು ಹಲ್ಲು ಬಿಡುತ್ತಿದ್ದೆ. ಕಾರ್ಡು ಬೀರುವಿನಲ್ಲಿ, ಮುಖ ಬೀದಿಯಲ್ಲಿ. ನಮ್ಮದು ಎನ್ನುವುದು ಯಾವುದೂ ನಮ್ಮ ಕೈಯಲ್ಲಿಲ್ಲ. ನಾನು ಸೀದಾ ಡ್ರಾಯಿಂಗ್ ಹಾಲಿಗೆ ಹೋಗಿ ಹಾಳೆ ಕತ್ತರಿಸುವ ಬ್ಲೇಡು ತಂದೆ, ಕಾವಲಿನ ತಾತನ ಪ್ಲಾಸ್ಟಿಕ್ ಸ್ಟೂಲು ಎಳೆದೆ.

"ಬ್ಯಾಡ ಕಣಮ್ಮಿ" ಎಂದ ಶಿವು. "ಪೋಲೀಸ್‌ನೋರ್ನ ಕರೀತಾರೆ."

"ಕರೀಲಿ. ನನ್ ಮುಖ ನಾನು ತಗೊಂಡೆ ಅಂತೀನಿ."

ನಸೀಮಾ ಬೇಡವೆನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಬಂದು ಸ್ಟೂಲಿನ ಕಾಲು ಭದ್ರವಾಗಿ ಹಿಡಿದುಕೊಂಡು, "ನಂದು ಮೊದಲು ಕುಯ್ಯಿ" ಎಂದಳು.

ಕುಯ್ದೆ. ಫ್ಲೆಕ್ಸ್ ಎನ್ನುವುದು ನೋಡಿದಷ್ಟು ಸುಲಭಕ್ಕೆ ಬಗ್ಗುವ ವಸ್ತುವಲ್ಲ. ನಸೀಮಾಳದು ಚೌಕವಾಗಿ ಬಂತು. ಶಿವುವಿನ ಮೀಸೆಯ ಅರ್ಧ ಬ್ಯಾನರಿನಲ್ಲೇ ಉಳಿಯಿತು. ನನ್ನದನ್ನು ಕುಯ್ಯುವಾಗ ಬ್ಲೇಡು ಜಾರಿ ಪಕ್ಕದ ಹುಡುಗನ ಕಿವಿಯೂ ಬಂದುಬಿಟ್ಟಿತು. ಕಾವಲಿನ ತಾತ ಎಲ್ಲವನ್ನೂ ನೋಡಿ, ಏನನ್ನೂ ನೋಡದವನ ಹಾಗೆ ಬೆನ್ನು ತಿರುಗಿಸಿ ಬೀಡಿ ಹಚ್ಚಿದ. ನಾವು ಮೂವರು ನಮ್ಮ ಮುಖಗಳನ್ನು ತೊಡೆಯ ಮೇಲಿಟ್ಟುಕೊಂಡು ಬ್ಯಾನರಿನ ಕೆಳಗೆ ಕೂತೆವು.

ಮೊದಲು ಕೇಳಿದವಳು ದೊಡ್ಡಮಳೂರಿನಿಂದ ಮಗಳನ್ನು ಸೇರಿಸಲು ಬಂದಿದ್ದ ಒಬ್ಬಾಕೆ. "ಇದ್ಯಾಕವ್ವಾ ಹಿಂಗ್ ತೂತಾಗೈತೆ?"

"ನಾವೇ ಅಮ್ಮಾ ಅದು. ನಾವು ಮುಂದಕ್ಕೆ ಓದಬೇಕು ಅಂದ್ವಿ. ನಮ್ ಮಾರ್ಕ್ಸ್ ಕಾರ್ಡ್ ಕೊಡ್ತಿಲ್ಲ."

"ಯಾಕ್ ಕೊಡಕಿಲ್ವಂತೆ? ನಿಮ್ದಲ್ವಾ?"

ಆಕೆ ಅಷ್ಟಕ್ಕೇ ಬಿಡಲಿಲ್ಲ. ಹಿಂದೆ ಬಂದವರಿಗೆ ಹೇಳಿದಳು, ಅವರು ಅವರ ಹಿಂದಿನವರಿಗೆ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಪ್ರಿನ್ಸಿಪಾಲರ ಕೋಣೆಯ ಮುಂದೆ ಜನ ನಿಂತು, "ನಾಳೀಕೆ ನಮ್ ಮಕ್ಕಳದೂ ಹಿಂಗೇ ಮಡೀಕತ್ತೀರಾ?" ಎಂದು ಕೇಳುತ್ತಿದ್ದರು. ಇದು ಅಪ್ಪ ಆ ಕುರ್ಚಿಯಲ್ಲಿ ಕೂತು ಕೇಳಬೇಕಿದ್ದ ಪ್ರಶ್ನೆ. ಸ್ವಲ್ಪ ಹೊತ್ತಿಗೆ ಗುಮಾಸ್ತ ಬಂದು ನಮ್ಮನ್ನು ಕರೆದ.

ನನ್ನ ಕಾರ್ಡು ಕೊಟ್ಟರು. ಶಿವುವಿನದು ಕೊಟ್ಟರು. ನಸೀಮಾಳದು ಇನ್ನೊಂದು ಬೀರುವಿನಲ್ಲಿದೆ, ಅದರ ಬೀಗದ ಕೈ ಸೂಪರಿಂಟೆಂಡೆಂಟರ ಬಳಿ ಇದೆ, ಅವರು ರಜೆ, ನಾಳೆ ಬೆಳಿಗ್ಗೆ ಬರಲಿ ಎಂದರು. ಒಂದೇ ತರಗತಿಯವರ ಕಾರ್ಡು ಎರಡು ಬೀರುವಿಗೆ ಹೇಗೆ ಹೋಯಿತು ಎಂದು ನಾನು ಕೇಳಿದೆ. ಗುಮಾಸ್ತ ರಿಜಿಸ್ಟರನ್ನು ನನ್ನ ಕಡೆ ತಳ್ಳಿ, ಇಲ್ಲಿ ಸಹಿ ಹಾಕಿ ಎಂದ.

ಆ ನಾಳೆ ಪರಿಶೀಲನೆಯ ಕೊನೆಯ ದಿನ.

ನಾವು ಬೆಂಗಳೂರಿಗೆ ಹೋಗಿ ಸಾಲಿನಲ್ಲಿ ನಿಲ್ಲುವುದು, ಅವಳು ಕಾರ್ಡು ತೆಗೆದುಕೊಂಡು ನೇರ ಅಲ್ಲಿಗೆ ಬರುವುದು ಎಂದು ಮಾತಾಯಿತು. ನಮ್ಮ ಸರದಿ ಬಂತು, ಮುಗಿಯಿತು. ಅವಳ ಫೋನು, "ಇನ್ನೂ ಬಂದಿಲ್ಲ ಕಣೇ ಸೂಪರಿಂಟೆಂಡೆಂಟ್" ಎನ್ನುತ್ತಿತ್ತು. ಆಮೇಲೆ, "ಬಂದ್ರು, ಹುಡುಕ್ತಾ ಇದಾರೆ." ಆಮೇಲೆ, "ಸಿಕ್ತು, ಬಸ್ ಹತ್ತಿದೀವಿ." ನಾನು ಕೌಂಟರಿನವರ ಬಳಿ ಹೋಗಿ, "ಸಾರ್, ಬರ್ತಾ ಇದಾಳೆ, ದಾರೀಲಿದಾಳೆ" ಎಂದು ಎಷ್ಟು ಸಲ ಹೇಳಿದೆನೋ. ಅವರು ಪಾಪ ಒಳ್ಳೆಯವರು, ಟೇಬಲ್ಲಿನ ಮೇಲಿನ ಕಾಗದ ಜೋಡಿಸುವ ನೆಪದಲ್ಲಿ ಕೂತೇ ಇದ್ದರು. ಆದರೆ ಅವರ ಕಂಪ್ಯೂಟರಿಗೆ ನೆಪ ಹೇಳಲು ಬರುತ್ತಿರಲಿಲ್ಲ.

ಅವಳು ಬಂದಾಗ ಬಾಗಿಲು ಅರ್ಧ ಎಳೆದಿತ್ತು. ಕಾರ್ಡುಗಳ ಕವರನ್ನು ಎದೆಗೆ ಅವುಚಿಕೊಂಡಿದ್ದಳು. ಅಬ್ಬಾ ಮೆಟ್ಟಿಲ ಕೆಳಗೇ ಕೂತುಬಿಟ್ಟಿದ್ದರು, ಹತ್ತಲು ಉಸಿರಿರಲಿಲ್ಲ. "ಸಿಸ್ಟಮ್ ಕ್ಲೋಸ್ ಆಯ್ತಮ್ಮಾ, ನನ್ನ ಕೈಲಿಲ್ಲ" ಎಂದರು ಕೌಂಟರಿನವರು. ನಸೀಮಾ, "ಆಯ್ತು ಸಾರ್" ಎಂದಳು. ಅಷ್ಟೇ. ನಮ್ಮ ಕಡೆ ತಿರುಗಿ, "ನಿಮ್ಮಿಬ್ಬರದು ಆಯ್ತಲ್ವಾ?" ಎಂದು ಕೇಳಿದಳು. ಅವಳಿಂದ ಕಲಿತು ಪಾಸಾದವಳಿಗೆ ಸೀಟು, ನನ್ನಿಂದ ನೋಡಿ ಬರೆದವನಿಗೆ ಸೀಟು. ಕಲಿಸಿದವಳು ಬಾಗಿಲ ಹೊರಗೆ. ಬೇಕೆಂದೇ ಮಾಡಿದರೇ, ಅಥವಾ ನಮ್ಮ ಕಚೇರಿಗಳಲ್ಲಿ ಎಲ್ಲವೂ ಆಗುವ ಹಾಗೆ ಅದೂ ತಾನಾಗಿ ಆಯಿತೇ ಎಂದು ಇಂದಿಗೂ ಗೊತ್ತಿಲ್ಲ. ಯಾವುದಾಗಿದ್ದರೂ ನನ್ನ ಸಿಟ್ಟಿಗೆ ವ್ಯತ್ಯಾಸವಿಲ್ಲ.

ಆ ವರ್ಷ ಅಬ್ಬಾನ ಎದೆ ಪೂರ್ತಿ ಕೈಕೊಟ್ಟಿತು, ಯಂತ್ರಗಳು ನಿಂತವು. ನಸೀಮಾ ಅದೇ ಕಾರ್ಖಾನೆಗೆ ಹೋಗಿ ಸೇರಿದಳು. ಬ್ಯಾನರಿನ ಮೂರು ತೂತಿನಲ್ಲೊಂದು ಹಾಗೆ ತುಂಬಿತು. ಮುಂದಿನ ವರ್ಷ ಬರೀತೀನಿ ಎಂದಳು. ಆ ವರ್ಷ ಅಬ್ಬಾನ ಆಸ್ಪತ್ರೆ, ಅದರ ಮುಂದಿನ ವರ್ಷ ತಂಗಿಯ ಓದು, ಆಮೇಲೆ ನಸೀಮಾಳದೇ ಮದುವೆ, ಮಗು. ಲೇಟಾಗುತ್ತಾ ಹೋಯಿತು.

ಅಪ್ಪನೊಡನೆ ನಾನು ಬಹಳ ಕಾಲ ಸರಿಯಾಗಿ ಮಾತಾಡಲಿಲ್ಲ. ಇಂಜಿನಿಯರಿಂಗ್ ಸೇರಿ ಮೊದಲ ಸಲ ರಜೆಗೆ ಹೋದಾಗ ಹಸುವಿಗೆ ಹುಲ್ಲು ಹಾಕುತ್ತಾ ಅವನೇ ಕೇಳಿದ, "ಬ್ಯಾನರ್ ಕುಯ್ದ್ಯಂತೆ?" ಹೂಂ ಎಂದೆ. "ನಾನು ಅವತ್ತು ಬಾಯ್ ಬುಡ್ನಿಲ್ಲ ಅಂತ ಸಿಟ್ಟು ಮಡೀಕಂಡಿದ್ದೀಯೆ." ಹುಲ್ಲಿನ ಕಂತೆ ಬಿಚ್ಚುತ್ತಾ, ನನ್ನ ಕಡೆ ನೋಡದೆ ಹೇಳಿದ, "ಯಾವ್ ಆಪೀಸ್ನಾಗೂ ನಂಗೆ ಯಾರೂ ಕುರ್ಚಿ ಕೊಟ್ಟಿರ್ನಿಲ್ಲ ಕಣವ್ವಾ. ಎದ್ ನಿಂತ್ಕಂಡು ಕೂತ್ಕಳಿ ಅಂದ್ಬುಟ್ರು. ಏನ್ ಮಾಡ್ಬೇಕು ಅಂತ ಗೊತ್ತಾಗ್ನಿಲ್ಲ."

ಅಪ್ಪನ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು. ಆ ಪ್ರಿನ್ಸಿಪಾಲರ ಮೇಲಿನದು ದುಪ್ಪಟ್ಟಾಯಿತು. ಒಂದು ಕುರ್ಚಿಯ ಬೆಲೆ ಎಷ್ಟೆಂದು ಅವರಿಗೆ ಗೊತ್ತಿತ್ತು, ನೋಡಿ.

ನಾನೀಗ ಮೈಸೂರಿನ ಕಡೆ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಶಿವು ವಿದ್ಯುತ್ ಇಲಾಖೆಯಲ್ಲಿದ್ದಾನೆ, ಈಗಲೂ ಹೆದರುತ್ತಾನೆ. ಬ್ಯಾನರಿನ ಕಥೆಯನ್ನು ನಾನು ಸ್ಟಾಫ್ ರೂಮಿನಲ್ಲಿ ಬೇಕಾದಷ್ಟು ಸಲ ಹೇಳಿದ್ದೇನೆ. ಅರ್ಧ ಮೀಸೆ, ಪಕ್ಕದವನ ಕಿವಿ ಬರುವಾಗ ಎಲ್ಲರೂ ನಗುತ್ತಾರೆ. "ಭಾರೀ ಗಟ್ಟಿಗಿತ್ತಿ ಕಣ್ರೀ ನೀವು" ಎನ್ನುತ್ತಾರೆ. ಗೆದ್ದ ಕಥೆಯ ಹಾಗೆ ಅದನ್ನು ಹೇಳುವುದು ನನಗೆ ರೂಢಿಯಾಗಿಬಿಟ್ಟಿತ್ತು.

ಬಸ್ಸು ನಿಂತಿತು. ಇಳಿದು ನಸೀಮಾಳ ತಾಯಿಯ ಮನೆಗೆ ನಡೆದೆ. ನಸೀಮಾ ಈ ವರ್ಷ ಪರೀಕ್ಷೆ ಬರೆದಿದ್ದಳು. ಅರ್ಜಿ ತುಂಬಿದ್ದು ಅವಳ ಗಂಡ. ಮದುವೆ ಮಾಡಿ ಕಳಿಸಿಬಿಡ್ತೀರಿ ಎಂದವರಿಗೆ ಇದನ್ನು ತಿಳಿಸಬೇಕೆಂದು ನನಗೆ ಆಸೆ. ಕೆಲಸದಲ್ಲಿರುವವರಿಗೆ ಸಂಜೆ ತರಗತಿ ನಡೆಸುವ ಕಾಲೇಜೊಂದರಲ್ಲಿ ಸೀಟು ಸಿಕ್ಕಿದೆ ಎಂದು ಫೋನು ಬಂದಿತ್ತು.

ಅಮ್ಮಿ 'ಬಾ ಬೇಟಾ' ಎಂದು ಕರೆದು, ನಾನು ತಂದ ಸಿಹಿಯ ಪೊಟ್ಟಣವನ್ನು ಅಲ್ಲೇ ಬಿಚ್ಚಿದರು. ಅಬ್ಬಾ ಮಂಚದ ಮೇಲಿನಿಂದ ಕೈ ಎತ್ತಿದರು. ನಸೀಮಾ ಮೇಲಿನ ಕೋಣೆಯಲ್ಲಿದ್ದಳು. ಕಣ್ಣಿನ ಕೆಳಗೆ ಕಪ್ಪು. ಅವಳ ಕೈ ಹಿಡಿದು ಕಂಗ್ರಾಟ್ಸ್ ಎಂದೆ.

"ಹೇಳಬೇಡ ಕಣೇ" ಎಂದಳು. "ಬೆಳಿಗ್ಗೆಯಿಂದ ಎಲ್ಲರೂ ಅದನ್ನೇ ಹೇಳ್ತಾರೆ. ನಂದೇ ಕಿತ್ಕೊಂಡು, ಇಷ್ಟು ವರ್ಷ ಆದ್ಮೇಲೆ ವಾಪಸ್ ಕೊಟ್ರೆ, ಅದಕ್ಕೆ ನಾನು ಸಿಹಿ ಹಂಚಬೇಕಾ?"

ಇಷ್ಟು ದಿನ ಅವಳ ಪರವಾಗಿ ಸಿಟ್ಟು ಹೊತ್ತು ತಿರುಗುತ್ತಿದ್ದೇನೆ ಎಂದುಕೊಂಡಿದ್ದೆ. ಅವಳ ಸಿಟ್ಟಿನ ಮುಂದೆ ನನ್ನದು ಸ್ಟಾಫ್ ರೂಮಿನ ಸಿಟ್ಟು.

"ಕೂತ್ಕೋ" ಎಂದಳು. "ಮೂರನೇ ಸೆಮಿಸ್ಟರಿನ ಗಣಿತ ಒಂದಿಷ್ಟು ತೋರಿಸು. ಮಕಾಡೆ ಮಲಗಬಾರದು."

ಶುರುವಿಗೆ ಸುಲಭದ್ದಿರಲಿ ಎಂದು ಒಂದು ಇಂಟಿಗ್ರೇಷನ್ ಲೆಕ್ಕ ಬರೆದುಕೊಟ್ಟೆ. ಹಿಂದೆ ಅವಳು ಚಹಾ ಕುಡಿಯುತ್ತಾ ಬಾಯಲ್ಲೇ ಬಿಡಿಸಿಬಿಡುತ್ತಿದ್ದಂಥದ್ದು. ಪೆನ್ಸಿಲ್ ಹಿಡಿದಳು. ಒಂದು ಸಾಲು ಬರೆದಳು, ಹೊಡೆದುಹಾಕಿದಳು. ಇನ್ನೊಂದು ಬರೆದಳು. ನಿಂತಳು. ಹಾಳೆಯನ್ನು ನೋಡುತ್ತಾ ಕೂತಳು. ಪರೀಕ್ಷೆಗೆಂದು ಉರು ಹೊಡೆದದ್ದು ಪರೀಕ್ಷೆಯೊಡನೆ ಹೋಗಿತ್ತು, ಅದರ ಕೆಳಗೆ ಇರಬೇಕಾಗಿದ್ದದ್ದನ್ನು ಕಾರ್ಖಾನೆಯ ವರ್ಷಗಳು ಅಳಿಸಿಹಾಕಿದ್ದವು. ಅವರು ಕಿತ್ತುಕೊಂಡದ್ದು ಸೀಟನ್ನಲ್ಲ. ಸೀಟು ಮತ್ತೆ ಸಿಗುತ್ತದೆ.

"ಇದು ನಂಗೆ ಬರ್ತಿತ್ತು" ಎಂದಳು ನಸೀಮಾ. ಪೆನ್ಸಿಲಿನ ಮೊನೆ ಹಾಳೆಯಲ್ಲಿ ಒತ್ತಿ ಮುರಿಯಿತು. "ಬರ್ತಿತ್ತು ಕಣೇ."

"ಗೊತ್ತು" ಎಂದೆ.

ಆ ಕಥೆಯನ್ನು ಇನ್ನು ಮುಂದೆ ನಗಿಸಲು ಹೇಳುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಹೇಳಿದರೂ ಬ್ಯಾನರಿನ ಹತ್ತಿರ ನಿಲ್ಲಿಸುವುದಿಲ್ಲ, ಈ ಹಾಳೆಯ ತನಕ ಹೇಳುತ್ತೇನೆ.

ಅವಳು ಬೇರೆ ಪೆನ್ಸಿಲ್ ತೆಗೆದುಕೊಂಡಳು. ಹಾಳೆಯನ್ನು ನನ್ನ ಕಡೆ ತಳ್ಳಿದಳು.

"ಮೊದಲಿಂದ ಹೇಳು. ನಿಧಾನಕ್ಕೆ. ನಾನು ತಪ್ಪು ಮಾಡಿದ್ರೆ ಸುಮ್ಮನೆ ಪರವಾಗಿಲ್ಲ ಅನ್ನಬೇಡ."

ಮೊದಲಿನಿಂದ ಹೇಳಲು ಶುರುಮಾಡಿದೆ.